ಮಂಡಕ್ಕಿಯನ್ನು ಜಪಾನಿ ಭಾಷೆಯಲ್ಲಿ ಹೇಳುವವರೆಗೆ

"ಮೇಡಂ, ನೀವು ಕಲಿಸಿದ ವಿಭಕ್ತಿ ಪ್ರತ್ಯಯ ಇಲ್ಲಿ ಕೆಲಸಕ್ಕೆ ಬರುತ್ತಿದೆ."

2022ರ ಬೇಸಿಗೆಯ ಒಂದು ರಾತ್ರಿ ಜಪಾನಿನಿಂದ ಫೋನ್ ಮಾಡಿದ ಹಳೆಯ ವಿದ್ಯಾರ್ಥಿಯೊಬ್ಬ ಹೀಗೆ ಹೇಳಿದ. ದಾವಣಗೆರೆಯ ಪದವಿಪೂರ್ವ ಕಾಲೇಜೊಂದರಲ್ಲಿ ಇಪ್ಪತ್ತು ವರ್ಷದಿಂದ ಕನ್ನಡ ಪಾಠ ಮಾಡುತ್ತಿದ್ದೇನೆ. ವಿಭಕ್ತಿ ಪ್ರತ್ಯಯ ಪರೀಕ್ಷೆಯಲ್ಲಿ ಎರಡು ಅಂಕ ತಂದುಕೊಟ್ಟಿತು ಎಂದವರಿದ್ದಾರೆ. ಬದುಕಿನಲ್ಲಿ ಕೆಲಸಕ್ಕೆ ಬಂತು ಎಂದವನು ಇವನೊಬ್ಬನೇ. ಕಾರಿನ ಬಿಡಿಭಾಗ ತಯಾರಿಸುವ ಕಾರ್ಖಾನೆಯಲ್ಲಿ ಅವನಿಗೆ ಕೆಲಸ. "ವತಶಿ ವ ಗಕ್ಕೋ ನಿ ಇಕಿಮಾಸು ಎಂದರೆ ನಾನು ಶಾಲೆಗೆ ಹೋಗುತ್ತೇನೆ. ಗಕ್ಕೋ ಶಾಲೆ, ನಿ ನಮ್ಮ 'ಗೆ'. ಪದಗಳನ್ನು ಹಿಂದುಮುಂದು ಮಾಡುವ ಗೋಜೇ ಇಲ್ಲ, ಮೇಡಂ" ಎಂದ.

ಫೋನ್ ಇಟ್ಟ ಮೇಲೆ ಆ ವಾಕ್ಯವನ್ನು ಪತ್ರಿಕೆಯ ಅಂಚಿನಲ್ಲಿ ಬರೆದುಕೊಂಡೆ. ಕೆಳಗೆ ಕನ್ನಡ ಬರೆದೆ. ಪದದ ಕೆಳಗೆ ಪದ, ಪ್ರತ್ಯಯದ ಕೆಳಗೆ ಪ್ರತ್ಯಯ ಕೂತವು. ನನಗೆ ಆಗ 43 ವರ್ಷ. ಜಪಾನಿಗೆ ಹೋಗುವ ಯೋಚನೆಯೂ ಇರಲಿಲ್ಲ, ಅಲ್ಲಿ ನಮ್ಮವರು ಯಾರೂ ಇಲ್ಲ. ಜಪಾನಿ ಕಲಿಯಲು ಹೊರಟಿದ್ದಕ್ಕೆ ಆ ಸಾಲುಗಳನ್ನು ನೋಡಿ ಆದ ಸಂತೋಷವೊಂದೇ ಕಾರಣ.

ಊರಿನಲ್ಲಿ ಕಲಿಸುವವರು ಸಿಗಲಿಲ್ಲವಾದ್ದರಿಂದ ಬೆಂಗಳೂರಿನ ಒಂದು ಆನ್‌ಲೈನ್ ತರಗತಿಗೆ ಸೇರಿದೆ. ಪಾಠವೆಲ್ಲ ಇಂಗ್ಲಿಷಿನಲ್ಲಿ. ಅಲ್ಲಿಯೇ ನನಗೆ ಮೊದಲ ತಕರಾರು ಹುಟ್ಟಿತು. ಕ್ರಿಯಾಪದ ಕೊನೆಗೆ ಬರುತ್ತದೆ ಎಂಬುದನ್ನು ಒಂದು ವಿಚಿತ್ರ ಸಂಗತಿಯ ಹಾಗೆ ಅರ್ಧ ಗಂಟೆ ವಿವರಿಸಿದರು. ಕೇಳುತ್ತಿದ್ದ ಹದಿನಾಲ್ಕು ಜನರಲ್ಲಿ ಹತ್ತು ಜನರ ಮನೆಮಾತು ಕನ್ನಡ, ತಮಿಳು, ತೆಲುಗು. ನಮಗೆಲ್ಲ ಕ್ರಿಯಾಪದ ಇರುವುದೇ ಕೊನೆಯಲ್ಲಿ! ಮನೆಯ ಬಾಗಿಲು ಎದುರಿಗೇ ತೆರೆದಿರುವಾಗ ಊರು ಸುತ್ತಿ ಹಿತ್ತಲಿನಿಂದ ಒಳಗೆ ಕರೆದುಕೊಂಡು ಹೋದ ಹಾಗಾಯಿತು.

ಎರಡನೆಯ ವಾರದಿಂದ ನಾನು ಬೇರೆಯದೇ ಒಂದು ನೋಟ್‌ಬುಕ್ ಇಟ್ಟುಕೊಂಡೆ. ಎಡಕ್ಕೆ ಜಪಾನಿ, ಬಲಕ್ಕೆ ಕನ್ನಡ, ಇಂಗ್ಲಿಷಿಗೆ ಜಾಗವಿಲ್ಲ. ಅದರ ಮೊದಲ ಪುಟದಲ್ಲೇ ಒಂದು ಬೆರಗು ಕಾದಿತ್ತು.

ಜಪಾನಿ ಅಕ್ಷರಮಾಲೆಯ ಸ್ವರಗಳು ಅ, ಇ, ಉ, ಎ, ಒ. ವ್ಯಂಜನದ ಸಾಲುಗಳು ಕ, ಸ, ತ, ನ, ಹ, ಮ, ಯ, ರ, ವ. ಇದು ನಮ್ಮ ವರ್ಣಮಾಲೆಯ ನಡಿಗೆ ಎಂದು ನೋಡಿದ ಕೂಡಲೇ ಗೊತ್ತಾಗುತ್ತದೆ. ಸಿದ್ಧಂ ಎಂಬ ಹಳೆಯ ಭಾರತೀಯ ಲಿಪಿಯಲ್ಲಿ ಸಂಸ್ಕೃತ ಕಲಿತ ಬೌದ್ಧ ಭಿಕ್ಷುಗಳ ಮೂಲಕ ಈ ಕ್ರಮ ಅಲ್ಲಿಗೆ ಹೋಯಿತು. ಆದರೆ ನನ್ನನ್ನು ಕಾಡಿದ್ದು ಹಕಾರ. ನಮ್ಮಲ್ಲಿ ಕೊನೆಯ ಕಡೆಗೆ ಬರುವ ಹ ಅಲ್ಲಿ ನಕಾರಕ್ಕೂ ಮಕಾರಕ್ಕೂ ನಡುವೆ, ಅಂದರೆ ನಮ್ಮ ಪಕಾರದ ಜಾಗದಲ್ಲಿ, ಏಕೆ ಕೂತಿದೆ? ಉತ್ತರ ಹುಡುಕಿದಾಗ ಮೈ ಜುಮ್ಮೆಂದಿತು. ಅದು ಮೊದಲು ಪಕಾರವೇ ಆಗಿತ್ತು! ಹಳೆಯ ಜಪಾನಿಯ ಪ ಕಾಲಕ್ರಮದಲ್ಲಿ ಹ ಆಯಿತು. ಸಾಲು ಮಾತ್ರ ಇದ್ದಲ್ಲೇ ಉಳಿಯಿತು. ಹಳಗನ್ನಡದ ಪಾಲ್, ಪುಲಿ, ಪೂ ಎಂಬುವು ಹಾಲು, ಹುಲಿ, ಹೂ ಆದದ್ದನ್ನು ನಾನು ಪ್ರತಿ ವರ್ಷ ಕಪ್ಪು ಹಲಗೆಯ ಮೇಲೆ ಬರೆಯುತ್ತೇನೆ. ಪತ್ತು ಹತ್ತಾದರೂ ಒತ್ತಿನ ಆಸರೆ ಸಿಕ್ಕಿದ್ದರಿಂದ ಇಪ್ಪತ್ತಿನಲ್ಲಿ ಪಕಾರ ಉಳಿದುಕೊಂಡಿದೆ. ಜಪಾನಿಯಲ್ಲಿ ನೂರು 'ಹ್ಯಕು', ಆರುನೂರು 'ರೊಪ್ಪ್ಯಕು'. ಅಲ್ಲಿಯೂ ಒತ್ತಿದ್ದಲ್ಲಿ ಪ ಉಳಿದಿದೆ. ತರಗತಿಯಲ್ಲಿ ಈ ಸಂಖ್ಯೆಗಳನ್ನು 'ಅಪವಾದಗಳು, ಬಾಯಿಪಾಠ ಮಾಡಿ' ಎಂದು ಕೊಟ್ಟಿದ್ದರು. ಹತ್ತು, ಇಪ್ಪತ್ತು ಎಂದು ಎಣಿಸಬಲ್ಲವರಿಗೆ ಅದನ್ನು ಬಾಯಿಪಾಠ ಮಾಡುವ ಕಷ್ಟವಿಲ್ಲ.

ಆಮೇಲೆ ಇಂಥವು ಸಾಲುಸಾಲಾಗಿ ಸಿಕ್ಕವು. 'ಕಿತೆ' ಎಂದರೆ ಬಂದು, 'ಕಿತ್ತೆ' ಎಂದರೆ ಅಂಚೆಚೀಟಿ. ಇಂಗ್ಲಿಷ್ ಲಿಪಿಯಲ್ಲಿ ಓದುವವರು ಇಲ್ಲಿ ತಡವರಿಸುತ್ತಾರೆ. ಕತೆಗೂ ಕತ್ತೆಗೂ ಇರುವ ಅಂತರ ಬಲ್ಲ ಕಿವಿಗೆ ಇದೇನು ಮಹಾ? 'ಒಬಸನ್' ಎಂದರೆ ಚಿಕ್ಕಮ್ಮ, 'ಒಬಾಸನ್' ಎಂದರೆ ಅಜ್ಜಿ. ಹ್ರಸ್ವ ದೀರ್ಘಗಳನ್ನು ಒಂದನೆಯ ತರಗತಿಯಲ್ಲೇ ತಿದ್ದಿಸಿಕೊಂಡ ನಮಗೆ ಇದು ಕಷ್ಟವಲ್ಲ. 'ತಬೆತೆ ಮಿರು' ಎಂದರೆ ಅಕ್ಷರಶಃ ತಿಂದು ನೋಡು. ಮಿರು ಎಂದರೆ ನೋಡು, ಆದರೆ ಇಲ್ಲಿ ಕಣ್ಣಿಗೆ ಕೆಲಸವಿಲ್ಲ, ರುಚಿ ನೋಡುವುದು. ಈ ನೋಡುವಿಕೆಯನ್ನು ಇಂಗ್ಲಿಷಿನ ಮೂಲಕ ಅರ್ಥ ಮಾಡಿಸಲು ಎಷ್ಟು ಹೆಣಗಬೇಕು! 'ತಬೆತೆ ಶಿಮತ್ತ' ಎಂದರೆ ತಿಂದುಬಿಟ್ಟೆ. ತರಗತಿಯಲ್ಲಿ ಮೂರು ವಾರ ತೆಗೆದುಕೊಂಡ 'ತೆ' ರೂಪ ನಮ್ಮ ಕೃದಂತಾವ್ಯಯದಂತೆಯೇ ಕೆಲಸ ಮಾಡುತ್ತದೆ ಎಂದು ತಿಳಿದ ಸಂಜೆ, ಅದನ್ನು ಒಂದೇ ಸಲ ಕೂತು ಮುಗಿಸಿದೆ.

ಇನ್ನೊಂದನ್ನು ಹೇಳದೆ ಮುಂದೆ ಹೋಗಲಾರೆ. ಭದ್ರಾ ನಾಲೆಯ ನೀರು ಕುಡಿದ ಗದ್ದೆಗಳ ನಡುವೆ ಬೆಳೆದವಳು ನಾನು. ಗದ್ದೆಯಲ್ಲಿ ಪೈರು, ಕಣದಲ್ಲಿ ಭತ್ತ, ಮಿಲ್ಲಿನಿಂದ ಬಂದರೆ ಅಕ್ಕಿ, ಬೆಂದರೆ ಅನ್ನ. ಜಪಾನಿಯಲ್ಲಿ ಪೈರು 'ಇನೆ', ಭತ್ತ 'ಮೊಮಿ', ಅಕ್ಕಿ 'ಕೊಮೆ', ಅನ್ನ 'ಗೊಹನ್'. ಇಂಗ್ಲಿಷಿನವರು ಈ ನಾಲ್ಕನ್ನೂ ಹೆಚ್ಚಾಗಿ ರೈಸ್ ಎಂಬ ಒಂದೇ ಪದದಲ್ಲಿ ತೀರಿಸುತ್ತಾರೆ. ಆ ಒಂದು ಪದದ ಮೂಲಕ ಹಾದುಹೋದರೆ ನಮ್ಮ ನಾಲ್ಕೂ ಅವರ ನಾಲ್ಕೂ ಕಲಸಿಹೋಗುತ್ತವೆ. ನನ್ನ ನೋಟ್‌ಬುಕ್ಕಿನಲ್ಲಿ ಇಂಗ್ಲಿಷಿಗೆ ಜಾಗ ಕೊಡದಿದ್ದುದು ಹಠದಿಂದಲ್ಲ.

ಹಾಗೆಂದು ಎರಡು ಭಾಷೆಗಳಿಗೆ ರಕ್ತಸಂಬಂಧವಿದೆ ಎಂದು ನಾನು ಹೇಳುತ್ತಿಲ್ಲ. ಸುಸುಮು ಓನೊ ಎಂಬ ಜಪಾನಿ ವಿದ್ವಾಂಸರು ತಮಿಳಿಗೂ ಜಪಾನಿಗೂ ನಂಟಿದೆ ಎಂದು ವಾದಿಸಿದ್ದರು. ಭಾಷಾವಿಜ್ಞಾನಿಗಳಲ್ಲಿ ಹೆಚ್ಚಿನವರು ಅದನ್ನು ಒಪ್ಪಿಲ್ಲ. ನನಗೆ ಬೇಕಾದದ್ದು ನಂಟಿನ ಸಾಕ್ಷಿಯಲ್ಲ, ಹತ್ತುವುದಕ್ಕೆ ಮೆಟ್ಟಿಲು. ಅಮೆರಿಕದ ವಿದೇಶಾಂಗ ಸೇವೆಯ ತರಬೇತಿ ಸಂಸ್ಥೆ ಜಪಾನಿಯನ್ನು ಅತಿ ಕಠಿಣ ಭಾಷೆಗಳ ಗುಂಪಿಗೆ ಸೇರಿಸಿ, 2200 ತರಗತಿ ಗಂಟೆ ಬೇಕು ಎಂದು ಲೆಕ್ಕ ಹಾಕಿದೆ. ನಮ್ಮ ಮಕ್ಕಳು ಅದನ್ನು ಓದಿ ಹೆದರುತ್ತಾರೆ. ಅದು ಇಂಗ್ಲಿಷ್ ಮನೆಮಾತಿನವರಿಗಾಗಿ ಹಾಕಿದ ಲೆಕ್ಕ. ದಾವಣಗೆರೆಯ ಹುಡುಗಿ ಅದನ್ನು ತಲೆಯ ಮೇಲೆ ಹೊರಬೇಕಾಗಿಲ್ಲ.

ಹೊರಲೇಬೇಕಾದದ್ದು ಕಾಂಜಿ. ಚೀನಾದಿಂದ ಬಂದ ಆ ಚಿತ್ರಾಕ್ಷರಗಳಲ್ಲಿ ನಿತ್ಯಬಳಕೆಗೆಂದು ಸರ್ಕಾರ ಪಟ್ಟಿ ಮಾಡಿರುವುದೇ 2136. ಇಲ್ಲಿ ಕನ್ನಡ ಕೈಕೊಡುತ್ತದೆ, ಯಾವ ಉಪಾಯವೂ ಪೂರ್ತಿ ನಡೆಯುವುದಿಲ್ಲ. ಮನೆಯಲ್ಲಿದ್ದ ಹಳೆಯ ಲಗ್ನಪತ್ರಿಕೆಗಳನ್ನು ನಾಲ್ಕು ತುಂಡು ಮಾಡಿ, ಖಾಲಿ ಬದಿಯಲ್ಲಿ ಅಕ್ಷರ ಬರೆದು, ಒಂದು ಸ್ವೀಟ್ ಬಾಕ್ಸಿನಲ್ಲಿ ರಟ್ಟಿನಿಂದ ಐದು ಖಾನೆ ಮಾಡಿದೆ. ಸರಿಯಾಗಿ ನೆನಪಾದ ಚೀಟಿ ಮುಂದಿನ ಖಾನೆಗೆ, ತಪ್ಪಿದ್ದು ಮತ್ತೆ ಮೊದಲನೆಯದಕ್ಕೆ. ಮೊದಲ ಖಾನೆ ದಿನವೂ, ಕೊನೆಯದು ತಿಂಗಳಿಗೊಮ್ಮೆ. ಸೆಬಾಸ್ಟಿಯನ್ ಲೈಟ್ನರ್ ಎಂಬ ಪತ್ರಕರ್ತ 1970ರ ದಶಕದಲ್ಲಿ ಪ್ರಚಾರಕ್ಕೆ ತಂದ ಕ್ರಮ ಇದು. ಮೊಬೈಲಿನಲ್ಲಿ ಇದನ್ನೇ ಮಾಡುವ ಆ್ಯಪ್‌ಗಳಿವೆ. ನನಗೆ ಕೈಯಲ್ಲಿ ಬರೆದದ್ದೇ ನಿಂತಿತು. ದಿನಕ್ಕೆ ಐದು ಅಕ್ಷರ, ಕುಕ್ಕರ್ ಕೂಗುವಷ್ಟು ಹೊತ್ತು.

ಜಪಾನಿ ಸಾಮರ್ಥ್ಯ ಪರೀಕ್ಷೆಗೆ ಐದು ಹಂತ. ಎನ್5 ಕೆಳಗಿನದು, ಎನ್1 ಮೇಲಿನದು. ಡಿಸೆಂಬರ್ 2022ರಲ್ಲಿ ಎನ್5, ಜುಲೈ 2023ರಲ್ಲಿ ಎನ್4 ಬೆಂಗಳೂರಿಗೆ ಹೋಗಿ ಬರೆದೆ. ಎನ್4ರಲ್ಲಿ ತೇರ್ಗಡೆಗೆ 180ಕ್ಕೆ 90 ಬೇಕು; ನನಗೆ 131 ಬಂತು. ಮನೆಯವರು ಪ್ರಮಾಣಪತ್ರಕ್ಕೆ ಚೌಕಟ್ಟು ಹಾಕಿಸಿದರು.

ಎರಡು ತಿಂಗಳು ಕಳೆದಿರಬೇಕು. ಹರಿಹರದಲ್ಲಿ ಸಣ್ಣ ಫೌಂಡ್ರಿ ನಡೆಸುವ ಗೆಳತಿಯ ಯಜಮಾನರ ಬಳಿಗೆ ಒಬ್ಬ ಜಪಾನಿ ಎಂಜಿನಿಯರ್ ಬಂದಿದ್ದರು. ಸಂಜೆ ದಾವಣಗೆರೆಗೆ ಕರೆತಂದು, ಮಂಡಕ್ಕಿ ಮಿರ್ಚಿ ತಿನ್ನಿಸುವಾಗ ನನ್ನನ್ನೂ ಕರೆದರು. ಅತಿಥಿ ಒಂದು ಹಿಡಿ ಮಂಡಕ್ಕಿಯನ್ನು ಅಂಗೈಯಲ್ಲಿ ಹರಡಿಕೊಂಡು, ಒಂದೊಂದೇ ಕಾಳನ್ನು ನೋಡಿ ಕೇಳಿದರು: "ಕೊರೆ ವ ದೋಯತ್ತೆ ತ್ಸುಕುರಿಮಾಸು ಕ?"

ಇದನ್ನು ಹೇಗೆ ಮಾಡುತ್ತಾರೆ. ಪ್ರತಿ ಪದವೂ ಅರ್ಥವಾಯಿತು. ಅಕ್ಕಿಗೆ ಕೊಮೆ ಎನ್ನುತ್ತಾರೆಂದು ಗೊತ್ತಿತ್ತು, ದ್ವಿತೀಯಾ ವಿಭಕ್ತಿಗೆ 'ಒ' ಎಂಬುದೂ ಗೊತ್ತಿತ್ತು. "ಕೊಮೆ ಒ..." ಎಂದೆ. ಮತ್ತೊಮ್ಮೆ "ಕೊಮೆ ಒ..." ಎಂದೆ. ಮುಂದೆ ಏನೂ ಬರಲಿಲ್ಲ. ಎಲ್ಲರೂ ನನ್ನ ಮುಖ ನೋಡುತ್ತಿದ್ದರು. ಆ ಮನುಷ್ಯ ಸಭ್ಯರು, ತಲೆಯಾಡಿಸಿ ಇಂಗ್ಲಿಷಿಗೆ ಹೊರಳಿದರು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ನನ್ನ ಅವ್ವ ಜೋಳದ ರೊಟ್ಟಿ ಬಡಿಯುವುದನ್ನು ಹದಿನೈದು ವರ್ಷ ಪಕ್ಕದಲ್ಲಿ ಕೂತು ನೋಡಿದ್ದೆ. ಹಿಟ್ಟಿಗೆ ಎಷ್ಟು ಬಿಸಿನೀರು, ಎಷ್ಟು ನಾದಬೇಕು, ಎಲ್ಲ ಹೇಳಬಲ್ಲವಳಾಗಿದ್ದೆ. ಮದುವೆಯಾಗಿ ಬಂದು ಮೊದಲ ಸಲ ಬಡಿಯಲು ಕೂತಾಗ ರೊಟ್ಟಿ ಅಂಚಿನಿಂದ ನಡುವಿನವರೆಗೆ ಬಿರಿಯಿತು. ಅಂಗೈಗೆ ಗೊತ್ತಿರಲಿಲ್ಲ. ಇದೂ ಅದೇ. ಒಂದು ವರ್ಷದಲ್ಲಿ ನನ್ನ ಕಣ್ಣು ಕಲಿತಿತ್ತು, ಕಿವಿ ಅಷ್ಟಿಷ್ಟು ಕಲಿತಿತ್ತು, ನಾಲಿಗೆಗೆ ಮಾತ್ರ ಕೆಲಸ ಕೊಟ್ಟಿರಲೇ ಇಲ್ಲ. ಆ ಪರೀಕ್ಷೆಯಲ್ಲಿ ಓದುವುದಿದೆ, ಕೇಳುವುದಿದೆ. ಮಾತನಾಡುವ ಭಾಗವೇ ಇಲ್ಲ. ಮಾತೃಭಾಷೆ ನನಗೆ ಬಾಗಿಲು ತೆರೆದುಕೊಟ್ಟಿತ್ತು. ನಾನು ಹೊಸ್ತಿಲ ಮೇಲೆ ನಿಂತು ಒಳಗೆ ಬಂದೆನೆಂದು ತಿಳಿದಿದ್ದೆ.

ಮೂರು ತಿಂಗಳು ವ್ಯಾಕರಣ ಪುಸ್ತಕವನ್ನು ಮುಟ್ಟಲಿಲ್ಲ. ಬೆಳಗಿನ ಐದೂವರೆಗೆ ಕುಂದುವಾಡ ಕೆರೆಯ ಏರಿಯ ಮೇಲೆ ನಡೆಯುವುದು ನನ್ನ ಹಳೆಯ ಅಭ್ಯಾಸ. ಅದಕ್ಕೆ ಇಯರ್‌ಫೋನ್ ಸೇರಿತು. ಜಪಾನಿನ ಸಾರ್ವಜನಿಕ ಪ್ರಸಾರ ಸಂಸ್ಥೆಯಾದ ಎನ್‌ಎಚ್‌ಕೆಯವರು ಸುಲಭ ಜಪಾನಿಯಲ್ಲಿ ಕೊಡುವ ಸುದ್ದಿಗಳಿವೆ, ಕಾಂಜಿಯ ನೆತ್ತಿಯ ಮೇಲೆ ಉಚ್ಚಾರಣೆ ಬರೆದಿರುತ್ತಾರೆ, ಓದಿದ ಧ್ವನಿಯೂ ಇರುತ್ತದೆ. ಒಂದೆರಡು ನಿಮಿಷದ ಒಂದೇ ಸುದ್ದಿ, ಒಂದು ವಾರ. ಮೊದಲ ದಿನ ಬರೀ ಕೇಳುವುದು. ಎರಡನೆಯ ದಿನ ಪಠ್ಯ ನೋಡುತ್ತ ಕೇಳುವುದು. ಮೂರನೆಯ ದಿನದಿಂದ ಧ್ವನಿಯ ಬೆನ್ನು ಹತ್ತುವುದು: ಅವರು ಪದ ಮುಗಿಸುವ ಮೊದಲೇ ನಾನು ಅದನ್ನು ಹಿಡಿದು, ನಿಲ್ಲಿಸದೆ, ಅದೇ ಏರಿಳಿತದಲ್ಲಿ ಹೇಳುವುದು. ಮೊದಲೆರಡು ವಾರ ಪ್ರತಿ ವಾಕ್ಯದ ಬಾಲ ನನ್ನ ಬಾಯಿಂದ ಜಾರುತ್ತಿತ್ತು. ಮೂರನೆಯ ವಾರದ ಶುಕ್ರವಾರ, ಕೆರೆಯ ಅರ್ಧ ಸುತ್ತಿನಲ್ಲಿ, ಇಡೀ ಸುದ್ದಿಯನ್ನು ತಡವರಿಸದೆ ಮುಗಿಸಿದೆ. ಎದುರಿಗೆ ಬಂದ ಪರಿಚಯದ ಹಿರಿಯರೊಬ್ಬರು ನಿಂತು, "ಯಾವ ಸ್ತೋತ್ರ ತಾಯಿ?" ಎಂದು ಕೇಳಿದರು. ಅವರು ಕೇಳಿದ್ದರಲ್ಲಿ ತಪ್ಪಿಲ್ಲ. ನಮ್ಮ ಹಿರಿಯರು ಸ್ತೋತ್ರ ಕಲಿತದ್ದೂ ಹೀಗೆಯೇ, ಹೇಳುವವರ ದನಿಗೆ ದನಿ ಸೇರಿಸಿ.

ಎರಡನೆಯ ಕೆಲಸ ಸಂಜೆ. ಒಂದೇ ವಿಷಯವನ್ನು ಮೂರು ಸಲ ಹೇಳಬೇಕು: ಮೊದಲು ನಾಲ್ಕು ನಿಮಿಷ, ಆಮೇಲೆ ಅದನ್ನೇ ಮೂರು ನಿಮಿಷದಲ್ಲಿ, ಆಮೇಲೆ ಎರಡರಲ್ಲಿ. ಭಾಷಾ ಬೋಧನೆಯಲ್ಲಿ ಹೆಸರಾದ ಅಭ್ಯಾಸ ಇದು. ನಾನು ಆರಿಸಿಕೊಂಡ ಮೊದಲ ವಿಷಯ ಯಾವುದೆಂದು ಹೇಳಬೇಕೇ? ಮೊಬೈಲಿನಲ್ಲಿ ಧ್ವನಿಮುದ್ರಣ ಒತ್ತಿ ಮಂಡಕ್ಕಿಯಿಂದ ಶುರು ಮಾಡಿದೆ. ಭತ್ತವನ್ನು ನೆನೆಸಿ, ಬೇಯಿಸಿ, ಒಣಗಿಸಿ, ಅಕ್ಕಿ ಮಾಡಿ, ಉಪ್ಪು ಹಿಡಿಸಿ, ಕಾದ ಮರಳಿನಲ್ಲಿ ಹುರಿದರೆ ಉಬ್ಬುತ್ತದೆ. ಮೊದಲ ಧ್ವನಿಮುದ್ರಣ ನಾಲ್ಕು ನಿಮಿಷದ್ದು, ಅದರಲ್ಲಿ ಮಾತು ಒಂದು ನಿಮಿಷವೂ ಇರಲಿಲ್ಲ. ಆದರೆ ನನಗೆ ಬೇಕಾದ ಪದ ಯಾವುವು ಎಂದು ಅದು ತೋರಿಸಿಕೊಟ್ಟಿತು. ನೀರಿನಲ್ಲಿ ನೆನೆಹಾಕುವುದಕ್ಕೆ 'ಮಿಜು ನಿ ತ್ಸುಕೆರು', ಹುರಿಯುವುದಕ್ಕೆ 'ಇರು', ಉಬ್ಬುವುದಕ್ಕೆ 'ಫುಕುರಮು', ಮರಳಿಗೆ 'ಸುನ'. ಪಟ್ಟಿಯಿಂದ ಕಲಿತ ಪದ ಹತ್ತು ಸಲ ಮರೆಯುತ್ತಿತ್ತು. ಬಾಯಿ ತಡಕಾಡಿ ಸಿಗದೆ, ಆಮೇಲೆ ಹುಡುಕಿಕೊಂಡ ಈ ಪದಗಳಲ್ಲಿ ಒಂದೂ ಈವರೆಗೆ ಮರೆತಿಲ್ಲ. ಭಟ್ಟಿಗೆ ಸರಿಯಾದ ಪದ ಸಿಗಲಿಲ್ಲ. 'ದೊಡ್ಡ ಒಲೆ' ಎಂದು ದಾಟಿದೆ. ಹೀಗೆ ದಾಟುವುದನ್ನು ಕಲಿತದ್ದೇ ದೊಡ್ಡ ಲಾಭ. ಗೊತ್ತಿಲ್ಲದ ಪದದ ಮುಂದೆ ನಿಂತುಬಿಡುವುದನ್ನು ನಾಲಿಗೆ ಬಿಟ್ಟಿತು.

ಆದರೂ ಮೊಬೈಲ್ ಮರುಪ್ರಶ್ನೆ ಕೇಳುವುದಿಲ್ಲ. ಭಾಷಾ ವಿನಿಮಯದ ಆ್ಯಪ್ ಒಂದರಲ್ಲಿ ಶಿಜುವೊಕಾ ಕಡೆಯ ನಿವೃತ್ತ ಮಹಿಳೆಯೊಬ್ಬರು ಸಿಕ್ಕರು. ಅವರಿಗೆ ಇಂಗ್ಲಿಷ್ ಮಾತು ಬೇಕಿತ್ತು, ನನಗೆ ಜಪಾನಿ. ಜಪಾನ್ ನಮಗಿಂತ ಮೂರೂವರೆ ಗಂಟೆ ಮುಂದಿದೆ; ನಮ್ಮ ಬೆಳಗಿನ ಏಳು ಅವರ ಹತ್ತೂವರೆ. ವಾರಕ್ಕೆ ಎರಡು ದಿನ, ಅರ್ಧ ಗಂಟೆ ಅವರದು, ಅರ್ಧ ನನ್ನದು. ಮೊದಲ ದಿನ ಅವರು ಮಾತನಾಡುತ್ತ ಮಾತನಾಡುತ್ತ ನಿಲ್ಲಿಸಿ, "ಮೊಶಿ ಮೊಶಿ, ಕೇಳಿಸುತ್ತಿದೆಯೇ?" ಎಂದರು. ಐದು ನಿಮಿಷದಲ್ಲಿ ಮೂರು ಸಲ ಹೀಗಾಯಿತು. ನಾನು ಒಂದು ಪದವನ್ನೂ ಬಿಡಬಾರದೆಂದು ಉಸಿರು ಬಿಗಿಹಿಡಿದು ಕೇಳುತ್ತಿದ್ದೆ. ಅವರು ಸಂಪರ್ಕ ಕಡಿದಿದೆ ಎಂದು ತಿಳಿಯುತ್ತಿದ್ದರು. ಜಪಾನಿನಲ್ಲಿ ಕೇಳುವವರು ಮಾತಿನ ನಡುನಡುವೆ 'ಹೈ', 'ಏ', 'ಸೋ ದೆಸು ನೆ' ಎನ್ನುತ್ತಿರಬೇಕು. ಅದಕ್ಕೆ 'ಐಜುಚಿ' ಎಂದು ಹೆಸರು. ನಮ್ಮ ಅಜ್ಜಿ ಕತೆ ಹೇಳುವಾಗ ಹೂಂಗುಟ್ಟದಿದ್ದರೆ ಕತೆ ನಿಲ್ಲಿಸುತ್ತಿದ್ದರು, "ಮಲಗಿದೆಯಾ?" ಎಂದು ಕೇಳುತ್ತಿದ್ದರು. ಇದು ಹೂಂಗುಟ್ಟುವುದೇ ಅಲ್ಲವೇ! ಹೂಂಗುಟ್ಟಲು ಶುರು ಮಾಡಿದ ಮೇಲೆ ಅವರ ಮಾತು ಸಲೀಸಾಯಿತು, ನನ್ನ ಬಿಗಿತವೂ ಸಡಿಲಿತು.

ತಿದ್ದುವುದರ ಬಗ್ಗೆ ನಮ್ಮಿಬ್ಬರಲ್ಲಿ ಒಂದು ಒಪ್ಪಂದವಿದೆ. ಮಾತಿನ ನಡುವೆ ತಿದ್ದುವಂತಿಲ್ಲ. ಕೊನೆಯಲ್ಲಿ ಮೂರು ತಪ್ಪು ಮಾತ್ರ ಬರೆದು ಕಳಿಸಬೇಕು. ಇಪ್ಪತ್ತು ವರ್ಷ ಮಕ್ಕಳ ತಪ್ಪನ್ನು ಮಾತಿನ ನಡುವೆಯೇ ತಿದ್ದಿದವಳು ನಾನು. ಇದನ್ನು ಕಂಡ ಮೇಲೆ ನನ್ನ ತರಗತಿಯಲ್ಲೂ ಬಿಟ್ಟಿದ್ದೇನೆ. ನನ್ನ ತಪ್ಪುಗಳಲ್ಲಿ ಹೆಚ್ಚಿನವು 'ವ' ಮತ್ತು 'ಗ' ಎಂಬ ಎರಡು ಪ್ರತ್ಯಯಗಳವು. ಎರಡಕ್ಕೂ ಕನ್ನಡದಲ್ಲಿ ಪ್ರಥಮಾ ವಿಭಕ್ತಿಯೇ ಬರುತ್ತದೆ, ಹಾಗಾಗಿ ಇಲ್ಲಿ ಕನ್ನಡವೇ ದಾರಿ ತಪ್ಪಿಸುತ್ತದೆ. ಇಂದಿಗೂ ವಾರಕ್ಕೆ ಒಂದಾದರೂ ತಪ್ಪುತ್ತೇನೆ.

ಮನೆಯಿಂದ ಹೊರಡುವಾಗ ನಾವು 'ಹೋಗುತ್ತೇನೆ' ಎನ್ನುವುದಿಲ್ಲ. 'ಹೋಗಿ ಬರುತ್ತೇನೆ' ಎನ್ನುತ್ತೇವೆ. ಜಪಾನಿನಲ್ಲೂ ಅದೇ: 'ಇತ್ತೆ ಕಿಮಾಸು', ಹೋಗಿ ಬರುತ್ತೇನೆ. ಮನೆಯಲ್ಲಿರುವವರು 'ಇತ್ತೆರಶ್ಶಾಯ್', ಹೋಗಿ ಬನ್ನಿ, ಎನ್ನುತ್ತಾರೆ. ಇದನ್ನು ಅತ್ತೆಗೆ ಹೇಳಿದಾಗ ಅವರು ಕೈಯಲ್ಲಿದ್ದ ಮೊರ ಕೆಳಗಿಟ್ಟು, "ಅಷ್ಟು ದೂರದವರೂ ಹೋಗುತ್ತೇನೆ ಎನ್ನುವುದಿಲ್ಲವೇ?" ಎಂದರು. ಮರುದಿನದಿಂದ ನಾನು ಕಾಲೇಜಿಗೆ ಹೊರಡುವಾಗ ಒಳಗಿನಿಂದ ಅವರ ದನಿ ಕೇಳಿಸುತ್ತದೆ, "ಇತ್ತೆರಶ್ಶಾಯ್." ಒತ್ತಕ್ಷರ ಒಂದೂ ತಪ್ಪಿಲ್ಲ.

ಡಿಸೆಂಬರ್ 2024ರಲ್ಲಿ ಎನ್3 ಬರೆದೆ, ಆಯಿತು. ಚೌಕಟ್ಟು ಬೇಡವೆಂದೆ.

ಕಳೆದ ಬೇಸಿಗೆಯಲ್ಲಿ ಒಂದು ದಿನ ಶಿಜುವೊಕಾದ ಆ ಹಿರಿಯರು ತಮ್ಮ ಬಾಲ್ಯದ 'ಪೊನ್‌ಗಶಿ' ನೆನಪು ಮಾಡಿಕೊಂಡರು. ಅಕ್ಕಿಯನ್ನು ಬಿಗಿಮುಚ್ಚಳದ ಪಾತ್ರೆಯಲ್ಲಿ ಕಾಯಿಸಿ, ಒಮ್ಮೆಗೇ ಮುಚ್ಚಳ ತೆರೆದಾಗ 'ಪೊನ್' ಎಂದು ಸಿಡಿದು ಅರಳುವ ಸಿಹಿ ತಿಂಡಿ ಅದು. ನಮ್ಮಲ್ಲೂ ಇದೆ ಎಂದು ನಾನು ಮಂಡಕ್ಕಿಯ ಕತೆ ತೆಗೆದೆ. ಮೊಮಿಯಿಂದ ಕೊಮೆಯಾಗಿ, ಕಾದ ಸುನದಲ್ಲಿ ಬಿದ್ದು, 'ಪಚಿ ಪಚಿ' ಎಂದು ಚಟಪಟಿಸಿ ಉಬ್ಬುವವರೆಗೆ ಎಲ್ಲ ಹೇಳಿದೆ. ಅವರು ಹೂಂಗುಟ್ಟುತ್ತಲೇ ಇದ್ದರು. ಕೊನೆಗೆ ಒಂದು ಪ್ರಶ್ನೆ ಕೇಳಿದರು. "ಮರಳು ಅದಕ್ಕೆ ಅಂಟಿಕೊಳ್ಳುವುದಿಲ್ಲವೇ? ತಿನ್ನುವಾಗ ಹಲ್ಲಿಗೆ ಸಿಗುವುದಿಲ್ಲವೇ?"

ಹುಟ್ಟಿದಾಗಿನಿಂದ ಮಂಡಕ್ಕಿ ತಿನ್ನುತ್ತಿದ್ದೇನೆ, ಈ ಪ್ರಶ್ನೆ ನನಗೆ ಹೊಳೆದಿರಲಿಲ್ಲ. ಈ ಸಲ ನನ್ನ ಬಳಿ ಪದಗಳಿದ್ದವು, ಉತ್ತರ ಇರಲಿಲ್ಲ. ವಿಚಾರಿಸಿ ಹೇಳುತ್ತೇನೆ ಎಂದೆ, ಜಪಾನಿಯಲ್ಲೇ. ಆ ಭಾನುವಾರ ಮಂಡಕ್ಕಿ ಭಟ್ಟಿಗೆ ಹೋದೆ. ಹೊಗೆಯ ನಡುವೆ ಹುರಿಯುತ್ತಿದ್ದಾತ ನನ್ನ ಪ್ರಶ್ನೆ ಕೇಳಿ, ಕೈ ನಿಲ್ಲಿಸದೆಯೇ ಹೇಳಿದ: "ಕಾದ ಮರಳಿನಲ್ಲಿ ಪಸೆ ಎಲ್ಲಿರುತ್ತದೆ ಅಕ್ಕಾ, ಅಂಟುವುದಕ್ಕೆ? ಜರಡಿ ಹಿಡಿದರೆ ಮರಳು ಕೆಳಗೆ, ಮಂಡಕ್ಕಿ ಮೇಲೆ." ಹೇಳುತ್ತಲೇ ಒಂದು ಜರಡಿ ಅಲ್ಲಾಡಿಸಿ ತೋರಿಸಿದ.

ಮನೆಗೆ ಬರುವ ದಾರಿಯಲ್ಲಿ ಜರಡಿಗೆ ಜಪಾನಿಯಲ್ಲಿ ಏನೆನ್ನುತ್ತಾರೆಂದು ನೋಡಿದೆ. 'ಫುರುಯಿ'. ಜರಡಿ ಹಿಡಿಯುವುದಕ್ಕೆ 'ಫುರುಯಿ ನಿ ಕಕೆರು', ಜರಡಿಗೆ ಹಾಕು. ಅಲ್ಲಿಯೂ ಅದೇ 'ಗೆ'. ಮಂಗಳವಾರ ಬೆಳಗ್ಗೆ ಏಳಕ್ಕೆ ಅವರಿಗೆ ಫೋನ್ ಮಾಡಿದೆ.